ಅಪ್ಪನ ಗಾಡಿಯ ಹಳದಿ ಗುರುತು

"ಮುಟ್ಬೇಡ ಅದನ್ನ!"

ಸೈಮಾ ಕೂಗಿದ ರಭಸಕ್ಕೆ ಅವಳ ಬಾಯಿಂದ ಹೊರಟ ಹಬೆ ಆರ್ವಿಡ್‌ನ ಮುಖಕ್ಕೇ ಬಡಿಯಿತು.

ಹೆಪ್ಪುಗಟ್ಟಿದ ಕುರ್ಕಿ ಸರೋವರದ ಮೇಲೆ ಒಂದು ಮೊಣಕಾಲೂರಿ, ಅವಳ ಹಿಮಗಾಡಿಯ ಅಡಿಯಲ್ಲಿ ಸುತ್ತುವ ಮೊಳೆ ಬಡಿದ ಪಟ್ಟಿಯತ್ತ, ಟ್ರ್ಯಾಕ್‌ನತ್ತ, ಕೈ ಚಾಚಿದ್ದವನು ಹಾಗೇ ಸ್ತಬ್ಧನಾದ. ಅವನ ಎದೆಯ ಮೇಲೆ ಕ್ಲಬ್ಬಿನ ತಪಾಸಣೆಗಾರನ ಕಿತ್ತಳೆ ಬಿಲ್ಲೆ.

"ಮೊಳೆ ಎಣಿಸ್ಬೇಕು ಸೈಮಾ. ಎಲ್ಲರ ಗಾಡೀದೂ ಎಣಿಸ್ತೀನಿ."

"ಕಣ್ಣಲ್ಲಿ ಎಣಿಸು. ಕೈ ಜೇಬಲ್ಲಿರಲಿ. ನಿನ್ನ ಕೈ ಏನೇನು ಮಾಡತ್ತೆ ಅಂತ ನಂಗೊತ್ತು!"

ಪಕ್ಕದಲ್ಲಿ ಎಂಜಿನ್ ಬಿಸಿ ಮಾಡುತ್ತಿದ್ದ ಗಸ್ ಪೆಲ್ಟೊ ಹೊಟ್ಟೆ ಕುಲುಕಿಸಿ ನಕ್ಕ. "ಹುಷಾರು ಕಣೋ ಆರ್ವಿಡ್! ಗಾಡಿಗಿಂತ ಮೊದ್ಲು ಅವಳೇ ಸ್ಟಾರ್ಟ್ ಆಗ್ತಾಳೆ!"

"ನೀನು ಬಾಯ್ಮುಚ್ಚು ಗಸ್. ಹೋದ್ಸಲ ನಿನ್ನ ಗಾಡಿ ಮುಂದಕ್ಕಿಂತ ಮೇಲಕ್ಕೇ ಜಾಸ್ತಿ ಓಡಿತ್ತು."

ಆರ್ವಿಡ್ ನಗಲಿಲ್ಲ. ಅವನ ಕಣ್ಣು ಗಾಡಿಯ ಹಿಂದಿನ ಸ್ಪ್ರಿಂಗಿನ ಮೇಲೆ ನೆಟ್ಟಿತ್ತು. ಅಲ್ಲಿ ಎರಡು ಬಣ್ಣದ ಗೆರೆಗಳು. ಕೆಂಪು, ಅದರ ಕೆಳಗೆ ಹಳದಿ.

"ಕೆಂಪಿಗೆ ತಿರುಗಿಸಿದ್ದೀಯ..." ಅವನ ದನಿ ತಗ್ಗಿತು. "ಇದು ನಿಂಗೆ ತುಂಬಾ ಬಿಗಿ. ಮೊದಲಿದ್ದ ಹಾಗೇ ಬಿಟ್ಬಿಡಬೇಕಿತ್ತು."

"ಮೊದಲಿದ್ದ ಹಾಗೆ? ಅಂದ್ರೆ ನೀನು ಹಾಳು ಮಾಡಿದ ಹಾಗೆ!"

ಅವನು ಏನೋ ಹೇಳಲು ಬಾಯಿ ತೆರೆದ. ಮತ್ತೆ ಮುಚ್ಚಿಕೊಂಡ. ಎದ್ದು ಮುಂದಿನ ಗಾಡಿಯತ್ತ ನಡೆದ.

*ಯಾವಾಗಲೂ ಇಷ್ಟೇ! ಹೇಡಿ! ತಪ್ಪು ಮಾಡಿದವನು ಜಗಳಕ್ಕಾದರೂ ಬರಬಾರದೇ?*

ಕಳೆದ ಫೆಬ್ರವರಿಯಲ್ಲೂ ಅವನು ಹೀಗೇ ಬಾಯಿ ಮುಚ್ಚಿಕೊಂಡಿದ್ದ. ಆ ಬೆಳಿಗ್ಗೆ ಅವಳು ಡುಲುತ್ ನಗರದ ಕೆಲಸಕ್ಕೆ ರಜೆ ಹಾಕಿ ಅಪ್ಪನ ಓಟ ನೋಡಲೆಂದು ಬಂದಿಳಿದಾಗ, ಆರ್ವಿಡ್ ಅಪ್ಪನ ಗಾಡಿಯ ಕೆಳಗೆ ಮಲಗಿದ್ದ. ಇಪ್ಪತ್ತು ಚಳಿಗಾಲ ಕದಲದೆ ಇದ್ದ ಕೆಂಪು ಗೆರೆಯಿಂದ ಸ್ಪ್ರಿಂಗನ್ನು ಕೆಳಕ್ಕೆ ಸಡಿಲಿಸಿ, ಅಲ್ಲೊಂದು ಹೊಸ ಹಳದಿ ಗೆರೆ ಎಳೆಯುತ್ತಿದ್ದ! ಮಧ್ಯಾಹ್ನ ಅಪ್ಪ ವೈನೊ, ಈ ಸರೋವರದ ನಲವತ್ತೊಂದನೇ ನಂಬರಿನ ಹುಲಿ, ಅರ್ಧ ದಾರಿಯಲ್ಲಿ ವೇಗ ಕಳೆದುಕೊಂಡು ಸೋತ. ಏಪ್ರಿಲ್ ಬರುವಷ್ಟರಲ್ಲಿ ಅಪ್ಪನೇ ಇರಲಿಲ್ಲ. ಆಸ್ಪತ್ರೆಯಲ್ಲಿ ಮೂರೇ ವಾರ.

ಸೋಲೇ ಅಪ್ಪನನ್ನು ತಿಂದಿತು ಎಂದು ಸೈಮಾ ನಂಬಿದಳು. ಆರ್ವಿಡ್ ತೊಡಿಸಿದ್ದ ನಿಶ್ಚಿತಾರ್ಥದ ಉಂಗುರವನ್ನು ಅಂತ್ಯಸಂಸ್ಕಾರದ ಮರುದಿನ ಅವನ ಕಾಫಿ ಲೋಟದೊಳಗೆ ಹಾಕಿ ಬಂದಳು.

ಇಂದು ಋತುವಿನ ಕೊನೆಯ ಕೂಟ. ಸತತ ಎರಡು ಚಳಿಗಾಲ ಒಂದೂ ಓಟ ಗೆಲ್ಲದ ನಂಬರು ಬೇರೆಯವರ ಪಾಲಾಗುತ್ತದೆ, ಅದು ಕ್ಲಬ್ಬಿನ ಕಟ್ಟಳೆ. ಹೋದ ಚಳಿಗಾಲ ಅಪ್ಪ ಗೆದ್ದಿರಲಿಲ್ಲ, ಈ ಚಳಿಗಾಲ ಅವಳಿಗೆ ಉಳಿದಿರುವುದು ಎರಡೇ ಓಟ. ಅಷ್ಟರಲ್ಲಿ ಗೆಲ್ಲದಿದ್ದರೆ ಅಪ್ಪನ ನಲವತ್ತೊಂದು ಇನ್ಯಾರದೋ ಗಾಡಿಯ ಮೂತಿಯ ಮೇಲೆ ಕೂರುತ್ತದೆ!

ಮೊದಲ ಓಟಕ್ಕೆ ಹಸಿರು ದೀಪ ಹತ್ತಿತು.

ಸೈಮಾ ಹಿಡಿಯಲ್ಲಿನ ಎಕ್ಸಲರೇಟರನ್ನು ಬೆರಳಿಂದ ಹಿಂಡಿದಳು. ಗಾಡಿಯ ಹಿಂಬದಿ ಮೊಂಡು ಕತ್ತೆಯಂತೆ ಎತ್ತರಕ್ಕೇ ನಿಂತಿತು. ಟ್ರ್ಯಾಕಿನ ಉಕ್ಕಿನ ಮೊಳೆಗಳು ಮಂಜುಗಡ್ಡೆಯನ್ನು ಕಚ್ಚುವ ಬದಲು ಕೆರೆದವು. ಬಿಳಿ ಪುಡಿ ಎರಚಿತು... ಅಷ್ಟರಲ್ಲಿ ಗಸ್ ಆರುನೂರ ಅರವತ್ತು ಅಡಿಯ ಓಟ ಮುಗಿಸಿ ಕೈ ಬೀಸುತ್ತಿದ್ದ.

ಹಿಂದಿರುಗಿ ಬಂದವಳ ಕೈಗೆ ಹೆಲ್ಮಿ ಅತ್ತೆ ಬಿಸಿ ಕಾಫಿ ತುರುಕಿದಳು. ವೈನೊನ ತಂಗಿ ಅವಳು, ನಾಲಿಗೆಗೆ ಲಗಾಮಿಲ್ಲದವಳು.

"ನಿಮ್ಮಪ್ಪ ಇನ್ನೂರ ಹತ್ತು ಪೌಂಡಿನ ಆಳು. ನೀನು ನೂರ ಐವತ್ತು. ಅವನ ಸ್ಪ್ರಿಂಗ್ ಮೇಲೆ ನೀನು ಕೂತ್ರೆ ಕಾಗೆ ಕೂತ ಹಾಗೆ ಕಣೇ! ಗಾಡಿ ಹೊಂದಿಸೋವಾಗ ಕೂರೋರ ತೂಕ ನೋಡ್ಬೇಕು ಅನ್ನೋದು ನಿಂಗೆ ನಾನು ಹೇಳ್ಕೊಡ್ಬೇಕಾ?"

ಸೈಮಾಗೆ ಗೊತ್ತಿರಲಿಲ್ಲವೆಂದಲ್ಲ. ಮೈತುಂಬ ಓಟದ ಉಡುಪು ತೊಟ್ಟು, ಹೆಲ್ಮೆಟ್ ಹಾಕಿ ಕೂತಾಗ ಹಿಂಬದಿ ಸರಿಯಾಗಿ ಎರಡು ಇಂಚು ಇಳಿಯಬೇಕು ಎಂದು ಎಂಟು ವರ್ಷದವಳಿದ್ದಾಗಲೇ ಅಪ್ಪ ಕಲಿಸಿದ್ದ. ಆದರೆ ಆ ಕೆಂಪು ಗೆರೆ ಎಳೆದದ್ದು ಅಪ್ಪನ ಕೈ! ಅದನ್ನು ಹೇಗೆ ದಾಟುವುದು?

"ಹಳದಿಗೆ ತಿರುಗಿಸು."

ಹಿಂದೆ ಆರ್ವಿಡ್ ನಿಂತಿದ್ದ. ಕೈ ನಿಜವಾಗಿಯೂ ಜೇಬಿನಲ್ಲೇ ಇತ್ತು.

"ನಿನ್ನ ಗುರುತಿಗಾ? ಸಾಯ್ತೀನಿ ಹೊರತು..."

"ಬೈಕೋ. ಎಷ್ಟು ಬೇಕಾದ್ರೂ ಬೈಕೋ. ಆದ್ರೆ ತಿರುಗಿಸಿ, ಕೂತು, ಅಳತೆ ಮಾಡಿ ನೋಡು. ಸರಿ ಇಲ್ದಿದ್ರೆ ಈ ಬಿಲ್ಲೆ ಕಿತ್ತೆಸೆದು ಊರು ಬಿಟ್ಟೇ ಹೋಗ್ತೀನಿ."

"ಮಾತು ಕೊಟ್ಟಿದ್ದೀಯ. ಅತ್ತೆ, ಕೇಳಿಸ್ಕೊಂಡ್ಯಾ?"

"ಕೇಳಿಸ್ತು. ಬೇಗ ತಿರುಗಿಸೇ, ನನ್ನ ಮೂಗು ಉದುರೋ ಹಾಗಿದೆ!"

ಅವನನ್ನು ಊರಿಂದ ಓಡಿಸುವ ಆಸೆಗೇ ಸೈಮಾ ಸ್ಪ್ಯಾನರ್ ಎತ್ತಿಕೊಂಡಳು. ಸಿಟ್ಟಿಗೆ ಬೆರಳು ಜಾರಿ ಗೆಣ್ಣು ಸುಲಿಯಿತು. ಸ್ಪ್ರಿಂಗ್ ಹಳದಿ ಗೆರೆಗೆ ಬಂದು ನಿಂತಿತು. ಹೆಲ್ಮೆಟ್ ಹಾಕಿ ಸೀಟಿನ ಮೇಲೆ ಧೊಪ್ಪನೆ ಕೂತಳು.

ಹೆಲ್ಮಿ ಅತ್ತೆ ಟೇಪು ಹಿಡಿದು ಬಗ್ಗಿದಳು. ಕಣ್ಣು ಕಿರಿದು ಮಾಡಿ ಮತ್ತೊಮ್ಮೆ ನೋಡಿದಳು.

"ಎರಡು ಇಂಚು. ಕೂದಲೆಳೆ ಆಚೀಚೆ ಇಲ್ಲ."

ಸೈಮಾಳ ಮುಖದಲ್ಲಿ ಗೆಲುವು ಮೂಡಲು ಹೊರಟು ಅಲ್ಲೇ ನಿಂತಿತು.

*ಎರಡು ಇಂಚು... ನನ್ನ ತೂಕಕ್ಕೆ? ಆದರೆ ಈ ಗೆರೆ ಎಳೆದದ್ದು ಹೋದ ವರ್ಷ. ನಾನು ಓಡಿಸುತ್ತೇನೆಂದು ಯಾರಿಗೂ ಗೊತ್ತಿರಲಿಲ್ಲ. ಇದನ್ನು ಹೊಂದಿಸಿದ್ದು ಅಪ್ಪ ಕೂತಾಗ!*

ಅಂದರೆ... ಆ ಬೆಳಿಗ್ಗೆ ಇದೇ ಸೀಟಿನ ಮೇಲೆ ಕೂತಿದ್ದ ಅಪ್ಪ ಅವಳಷ್ಟೇ ತೂಗುತ್ತಿದ್ದ!

ಅಪ್ಪ ಅಂದು ಮೂರು ಉಣ್ಣೆಯಂಗಿ ತೊಟ್ಟಿದ್ದ. "ವಯಸ್ಸಾಯ್ತಲ್ಲೇ, ಚಳಿ ತಡೆಯಲ್ಲ" ಎಂದು ನಕ್ಕಿದ್ದ. ಅವಳು ತಬ್ಬಿಕೊಳ್ಳಲು ಹೋದಾಗ, ಕೈಯೆಲ್ಲ ಗ್ರೀಸು ಎಂದು ದೂರ ಸರಿದಿದ್ದ!

ಅವಳು ಹೆಲ್ಮೆಟ್ ಕಿತ್ತು ಮಂಜುಗಡ್ಡೆಯ ಮೇಲೆ ಬಿಸಾಡಿದಳು.

"ಅಪ್ಪನ ಕಾಯಿಲೆ ನಿಂಗೆ ಗೊತ್ತಿತ್ತು."

"ಅಕ್ಟೋಬರ್‌ನಿಂದ" ಎಂದ ಆರ್ವಿಡ್.

"ಅಕ್ಟೋಬರ್!" ಅವಳು ಎದ್ದು ಎರಡೂ ಮುಷ್ಟಿಯಿಂದ ಅವನ ಎದೆಗೆ ಗುದ್ದಿದಳು. "ಆಸ್ಪತ್ರೆ ಸೇರೋವರೆಗೂ ಐದು ತಿಂಗಳು! ನಾನು ಬರ್ತಿದ್ದೆ ಕಣೋ... ಕೆಲಸ ಬಿಟ್ಟು ಓಡಿ ಬರ್ತಿದ್ದೆ! ಅಪ್ಪನ ಪಕ್ಕ ಕೂರ್ತಿದ್ದೆ!"

"ಅದಕ್ಕೇ ಹೇಳ್ಬೇಡ ಅಂದ್ರು. 'ನನ್ನ ಮಗಳು ನನ್ನ ಹಾಸಿಗೆ ಕಾಯೋದು ಬೇಡ' ಅಂತ ಆಣೆ ಹಾಕಿಸ್ಕೊಂಡ್ರು. ಕೊನೇ ಸಲ ಓಡಿಸ್ಬೇಕು, ಗಾಡಿ ಹೊಂದಿಸಿಕೊಡು ಅಂದ್ರು. ಗಾಡಿ ಸರಿಯಾಗೇ ಇತ್ತು ಸೈಮಾ. ಅರ್ಧ ದಾರೀಲಿ ಅವರ ಬೆರಳಲ್ಲಿ ಶಕ್ತಿ ಮುಗೀತು."

"ನಾನು ನಿನ್ನನ್ನ ಕೊಲೆಗಾರ ಅಂದೆ! ಊರೆಲ್ಲ ಅಂತು! ಆಗಲೂ ಆಣೆ ಹಿಡ್ಕೊಂಡು ಕೂತ್ಯಾ, ಮೂರ್ಖ?"

"ಅವರ ಮೇಲೆ ಸಿಟ್ಟಾಗೋಕೆ ಅವರೇ ಇರ್ಲಿಲ್ಲ. ನಿಂಗೆ ಯಾರ ಮೇಲಾದ್ರೂ ಸಿಟ್ಟು ಬೇಕಿತ್ತು. ನಾನಿದ್ದೆ."

ಸೈಮಾಳ ಮುಷ್ಟಿ ಅವನ ಕೋಟಿನ ಮೇಲೇ ನಿಂತಿತು. ಕಣ್ಣೀರು ರೆಪ್ಪೆಯಲ್ಲೇ ಹೆಪ್ಪುಗಟ್ಟಿ ಚುಚ್ಚುತ್ತಿತ್ತು. ಹೆಲ್ಮಿ ಅತ್ತೆ ಟೇಪು ಸುತ್ತುವ ನೆಪದಲ್ಲಿ ಬೆನ್ನು ತಿರುಗಿಸಿ ನಿಂತಿದ್ದಳು. ಅಣ್ಣ ಅವಳಿಗೂ ಹೇಳಿರಲಿಲ್ಲ.

"ನಲವತ್ತೊಂದು! ಸಾಲಿಗೆ ಬರ್ಬೇಕು!" ಮೈಕು ಕೂಗಿತು.

ಅವಳು ಅವನನ್ನು ನೂಕಿ ಹೆಲ್ಮೆಟ್ ಎತ್ತಿಕೊಂಡಳು. "ಇಲ್ಲೇ ಇರು. ನಿನ್ನ ಹತ್ರ ಜಗಳ ಮುಗಿದಿಲ್ಲ."

ಪಕ್ಕದಲ್ಲಿ ಮತ್ತೆ ಗಸ್. ಈ ಸಲ ಅವನು ತಮಾಷೆ ಮಾಡಲಿಲ್ಲ, ಅವಳ ಮುಖ ನೋಡಿ ತನ್ನ ಗಾಡಿಯನ್ನೇ ಒಂದಡಿ ಪಕ್ಕಕ್ಕೆ ಸರಿಸಿಕೊಂಡ.

ಹಸಿರು!

ಹಿಂಬದಿ ಮೆತ್ತಗೆ ಕುಳಿತಿತು. ಎಲ್ಲ ಮೊಳೆಗಳೂ ಒಟ್ಟಿಗೆ ಕಚ್ಚಿದವು. ಮುಂದಿನ ಸ್ಕೀಗಳು ಒಂದು ಬೆರಳಷ್ಟೇ ಎದ್ದು, ಮಂಜುಗಡ್ಡೆಯನ್ನು ಸವರಿಯೂ ಸವರದಂತೆ ತೇಲಿದವು. ಅಪ್ಪನ ಬೆರಳಿನ ಶಕ್ತಿ ಮುಗಿದ ಆ ಅರ್ಧ ದಾರಿ ಬಂತು...

*ಹೇಳಬೇಕಿತ್ತು ನೀನು! ಹೇಳಬೇಕಿತ್ತು ಅಪ್ಪಾ!*

ಹಲ್ಲು ಕಚ್ಚಿ ಇನ್ನೂ ಹಿಂಡಿದಳು. ಅರ್ಧ ಸ್ಕೀಯಷ್ಟು ಅಂತರ. ಗುರಿ ಮುಟ್ಟಿದಾಗ ನಲವತ್ತೊಂದು ಮುಂದೆ!

ಅವಳು ತಿರುಗಿ ಬಂದಾಗ ಆರ್ವಿಡ್ ಅದೇ ಜಾಗದಲ್ಲಿ, ಅದೇ ಭಂಗಿಯಲ್ಲಿ ನಿಂತಿದ್ದ. ಹುಬ್ಬಿನ ಮೇಲೆಲ್ಲ ಹಿಮ. ಹೆಲ್ಮಿ ಅತ್ತೆ ಮಾತ್ರ ಕುಣಿಯುತ್ತಿದ್ದಳು.

"ನಂಬರು ಉಳೀತು" ಎಂದ ಅವನು.

"ಉಳೀತು." ಸೈಮಾ ಎಂಜಿನ್ ಆರಿಸಿದಳು. "ನಂಗಿನ್ನೂ ಕೋಪ ಇದೆ. ಅಪ್ಪನ ಮೇಲೆ, ನಿನ್ನ ಮೇಲೆ, ನನ್ನ ಮೇಲೆ. ಇವತ್ತು ಹೋಗಲ್ಲ. ನಾಳೇನೂ ಹೋಗಲ್ಲ."

"ಸರಿ."

"ನಾನಂದಿದ್ದೆಲ್ಲ... ತಪ್ಪು. ಕ್ಷಮಿಸು. ಇದನ್ನೂ ಕೋಪದಲ್ಲೇ ಹೇಳ್ತಿದ್ದೀನಿ."

"ಗೊತ್ತಾಗ್ತಿದೆ. ಸರೋವರಕ್ಕೆಲ್ಲ ಕೇಳಿಸ್ತಿದೆ."

"ಉಂಗುರ ಏನ್ಮಾಡ್ದೆ?"

ಅವನು ಜೇಬಿನಿಂದ ಕೈ ತೆಗೆದು ಬೆರಳು ಬಿಚ್ಚಿದ. ಅಷ್ಟು ಹೊತ್ತೂ ಆ ಮುಷ್ಟಿಯೊಳಗೇ ಇದ್ದ ಉಂಗುರ ಬೆಚ್ಚಗಿತ್ತು.

ಅವಳು ಸೀಟಿನ ಮೇಲೆ ಮುಂದಕ್ಕೆ ಸರಿದು, ಹಿಂದೆ ಉಳಿದ ಅಂಗೈಯಗಲ ಜಾಗವನ್ನು ತಟ್ಟಿದಳು.

"ಕೂತ್ಕೋ."

"ಇದು ಒಬ್ಬರೇ ಕೂರೋ ಗಾಡಿ ಕಣೇ."

"ಕೂತ್ಕೋ ಅಂದ್ನಲ್ಲ!"

ಅವನು ಕೂತ. ಹಿಂಬದಿ ಕುಯ್ಯೆಂದು ಕುಸಿಯಿತು. ಹೆಲ್ಮಿ ಅತ್ತೆ ಕೇಳುವ ಮೊದಲೇ ಟೇಪು ಹಿಡಿದು ಬಗ್ಗಿದಳು.

"ನಾಲ್ಕೂವರೆ ಇಂಚು! ಅಯ್ಯೋ, ಏನೂ ಸರಿ ಇಲ್ಲ."

ಸೈಮಾ ಸುಲಿದ ಬೆರಳನ್ನು ಉಂಗುರದತ್ತ ಚಾಚಿದಳು. "ಹಾಗಾದ್ರೆ ಮತ್ತೆ ಹೊಂದಿಸ್ಬೇಕು."

"ಯಾವ ಬಣ್ಣದ ಗೆರೆ ಹಾಕ್ಲಿ?" ಅವಳ ಕಿವಿಯ ಬಳಿ ಕೇಳಿದ ಆರ್ವಿಡ್.

"ನೀನು ಮೊದ್ಲು ತಿರುಗಿಸು" ಎಂದು ಅವನ ಎದೆಗೆ ಒರಗಿದಳು. "ಬಣ್ಣಕ್ಕೆ ಆಮೇಲೆ ಜಗಳ ಆಡೋಣ."