ಅಜೂಜಾಳ ಸುಳ್ಳು ದೀಪ

"ಗೋ ಅರೌಂಡ್!"

ಶೀರಾಜ್ ಕೂಗಿಬಿಟ್ಟಿದ್ದಳು.

ಜೆರ್ಬಾ ದ್ವೀಪದ ರನ್‌ವೇ ಕಣ್ಣೆದುರೇ ಇತ್ತು. ಇನ್ನೇನು ಚಕ್ರ ನೆಲ ಮುಟ್ಟಬೇಕು ಅನ್ನುವಷ್ಟರಲ್ಲಿ ಮರಳುಗಾಳಿ ದಿಕ್ಕು ಬದಲಿಸಿ, ವಿಮಾನದ ವೇಗ ಕುಸಿದಿತ್ತು. ಎಡಗಡೆ ಸೀಟಿನಲ್ಲಿ ಕ್ಯಾಪ್ಟನ್ ವಜ್ದಿ. ಸಹಪೈಲಟ್ ಆಗಿ ಅವನ ಜೊತೆ ಅವಳದು ಅದೇ ಮೊದಲ ಹಾರಾಟ.

'ಇಳಿಯಬೇಡ, ಮತ್ತೆ ಮೇಲೆತ್ತು' ಎನ್ನುವ ಆ ಕೂಗನ್ನು ಕಾಕ್‌ಪಿಟ್‌ನಲ್ಲಿ ಯಾರು ಬೇಕಾದರೂ ಕೂಗಬಹುದು. ಕೇಳಿಸಿಕೊಂಡವರು ಯಾಕೆ ಅನ್ನದೆ ಎತ್ತಬೇಕು. ನಿಯಮದ ಪುಸ್ತಕದಲ್ಲಿ ಹಾಗಿದೆ. ಕಿರಿಯಳೊಬ್ಬಳು ಕೂಗಿದಳೆಂದು ತಿಂಗಳುಗಟ್ಟಲೆ ಮುಖ ಊದಿಸಿಕೊಳ್ಳುವ ಕ್ಯಾಪ್ಟನ್‌ಗಳ ಬಗ್ಗೆ ಪುಸ್ತಕದಲ್ಲಿ ಏನೂ ಇಲ್ಲ!

"ಗೋ ಅರೌಂಡ್," ಎಂದು ವಜ್ದಿ ಮರುನುಡಿದ. ಮುಖದ ಒಂದು ಗೆರೆಯೂ ಅಲುಗಲಿಲ್ಲ. ವಿಮಾನ ಗುಡುಗುತ್ತ ಮೇಲೆದ್ದಿತು.

ಎರಡನೆಯ ಸಲ ಇಳಿದಾಗ ಹಿಂದೆ ಪ್ರಯಾಣಿಕರೆಲ್ಲ ಚಪ್ಪಾಳೆ ತಟ್ಟಿದರು. ಮೊದಲನೆಯದು ಯಾಕೆ ತಪ್ಪಿತು ಅಂತ ಅವರಿಗೆ ಗೊತ್ತಾಗಿದ್ದರೆ ಇನ್ನೂ ಜೋರಾಗಿ ತಟ್ಟುತ್ತಿದ್ದರೇನೋ.

"ಕ್ಷಮಿಸಿ ಕ್ಯಾಪ್ಟನ್, ನಾನು..."

"ಯಾಕೆ ಕ್ಷಮೆ? ನೀನು ಹೇಳಿದೆ, ನಾನು ಎತ್ತಿದೆ. ಅಷ್ಟೇ."

"ಕೋಪ ಬರ್ಲಿಲ್ವಾ?"

"ಬಂತು. ನನ್ನ ಮೇಲೆ. ನಿನಗಿಂತ ಮುಂಚೆ ನಾನೇ ಹೇಳ್ಬೇಕಿತ್ತು."

ಶೀರಾಜ್ ಕಿಟಕಿಯ ಕಡೆ ಮುಖ ತಿರುಗಿಸಿದಳು. ಎಷ್ಟೋ ಹುಡುಗಿಯರು ಗುಲಾಬಿಗೆ ಮಾರುಹೋಗುತ್ತಾರೆ. ಇವಳು ಮಾರುಹೋದದ್ದು ತಪ್ಪು ಒಪ್ಪಿಕೊಂಡ ಕ್ಯಾಪ್ಟನ್‌ಗೆ. ಮುರ್ಜಾನ್ ಏರ್‌ಲೈನ್ಸ್‌ನಲ್ಲಿ ಗುಲಾಬಿಯೇ ಸುಲಭವಾಗಿ ಸಿಗುತ್ತಿತ್ತು.

*

ಟ್ಯೂನಿಸ್ ವಿಮಾನ ನಿಲ್ದಾಣದ ಹಿಂಭಾಗದ ಕಾಫಿ ಅಂಗಡಿಯಲ್ಲಿ ಪೈಲಟ್‌ಗಳ ದರ್ಬಾರು. ಬಾಯಲ್ಲಿ ಮೊಟ್ಟೆ ತುಂಬಿ ಕರಿದ ಬಿಸಿ ಬ್ರೀಕ್, ಗಡ್ಡದ ಮೇಲೆ ಅದರ ಮೊಟ್ಟೆಯ ಹಳದಿ, ಮಾತಿನಲ್ಲಿ ಇಂಜಿನ್ನು. ದರ್ಬಾರಿನ ದೊರೆ ಸಿ ಹೇದಿ; 'ಸಿ' ಎಂದರೆ ಅಲ್ಲಿ 'ಶ್ರೀ' ಇದ್ದ ಹಾಗೆ. ತರಬೇತಿ ವಿಭಾಗದ ಮುಖ್ಯಸ್ಥರು. ಅವರ ಕಿವಿಗೆ ಬಿದ್ದದ್ದು ಅವರು ಸಕ್ಕರೆ ಕಲಕುವಷ್ಟರಲ್ಲಿ ಊರಿಗೆಲ್ಲ ಗೊತ್ತಾಗುತ್ತಿತ್ತು.

"ಇವತ್ತು ಅಜೂಜಾ ಯಾರ ಪಾಲಿಗೆ?" ಎಂದು ಕೇಳಿದರು ಸಿ ಹೇದಿ.

ಅಜೂಜಾ ಎಂದರೆ ಮುದುಕಿ. ಕಂಪನಿಯ ಅತ್ಯಂತ ಹಳೆಯ ಜೆಟ್‌ಗೆ ಎಲ್ಲರೂ ಇಟ್ಟ ಹೆಸರು.

"ನಮ್ಮ ಪಾಲಿಗೆ," ಎಂದ ವಜ್ದಿ.

"ಕಿಟಕಿ ಹಾಡುತ್ತೆ, ಹುಷಾರು. ಎಡಗಡೆ ಬ್ರೇಕಿಗೆ ನೆಗಡಿ. ಇನ್ನು ಆ ಹಿಂದಿನ ಬಾಗಿಲಿನ ದೀಪ..."

"ಅವಳ ವಯಸ್ಸಿಗೆ ಅಷ್ಟೆಲ್ಲ ಇರ್ಲೇಬೇಕಲ್ವಾ ಸಿ ಹೇದಿ? ನಿಮಗೂ ಮಂಡಿ ಕಿರುಗುಟ್ಟುತ್ತೆ," ಎಂದಳು ಶೀರಾಜ್.

"ಏ ಮಗಳೇ! ನನ್ನ ಮಂಡಿಯ ಬಿಡಿಭಾಗ ಇನ್ನೂ ಪೇಟೇಲಿ ಸಿಗುತ್ತೆ. ಅವಳದ್ದು ಸಿಗಲ್ಲ. ಕೇಳಿದ್ರಾ, ಕೊಲ್ಲಿಯ ಯಾರೋ ನಮ್ಮ ಕಂಪನೀನ ಕೊಳ್ತಾರಂತೆ. ಕೊಂಡ ಮೇಲೆ ಅಜೂಜಾಳನ್ನ ಮರುಭೂಮಿಯ ವಿಮಾನ ಗುಜರಿಗೆ ಸಾಗಿಸ್ತಾರೆ, ನಮ್ಮಲ್ಲಿ ಅರ್ಧ ಜನರನ್ನ ಮನೆಗೆ."

ಎಲ್ಲರೂ ನಕ್ಕರು. ನಕ್ಕವರೇ ತಂತಮ್ಮ ಕಾಫಿ ಬಟ್ಟಲಿನ ತಳ ನೋಡಿಕೊಂಡರು.

ಆ ಚಳಿಗಾಲವಿಡೀ ಶೀರಾಜ್ ಮತ್ತು ವಜ್ದಿ ಹೆಚ್ಚುಕಮ್ಮಿ ಜೊತೆಯಾಗಿಯೇ ಹಾರಿದರು. ತೇವದ ಬೆಳಗುಗಳಲ್ಲಿ ಅಜೂಜಾಳ ಕಾಕ್‌ಪಿಟ್‌ನಲ್ಲಿ ಪೈಲಟ್‌ಗಳ ತಲೆಮೇಲಿನ ಕಿತ್ತಳೆ ದೀಪ ಹತ್ತಿಕೊಂಡು, ಹಿಂದಿನ ಬಾಗಿಲು ತೆರೆದಿದೆ ಎಂದು ಸುಳ್ಳು ಹೇಳುತ್ತಿತ್ತು. ಪ್ರತಿ ಸಲವೂ ವಜ್ದಿ ಬೆಲ್ಟ್ ಬಿಚ್ಚಿ, ಕೆಳಗಿಳಿದು, ಬಾಗಿಲನ್ನು ಕೈಯಿಂದ ಮುಟ್ಟಿ ನೋಡಿ ಬರುತ್ತಿದ್ದ.

"ಸುಳ್ಳು ಅಂತ ಗೊತ್ತಲ್ಲ, ಮತ್ತ್ಯಾಕೆ ಹೋಗ್ತೀರಿ?"

"ದೀಪ ಏನು ಬೇಕಾದ್ರೂ ಹೇಳ್ಲಿ ಶೀರಾಜ್. ಬಾಗಿಲನ್ನ ಮುಟ್ಟಿ ನೋಡಿದ್ರೇನೇ ನನಗೆ ಸಮಾಧಾನ."

'ಈ ಮನುಷ್ಯ ನನ್ನ ವಿಷಯದಲ್ಲೂ ಹೀಗೇ ಇರ್ತಾನಾ...?' ಅವಳ ಮನಸ್ಸು ಕೇಳುತ್ತಿತ್ತು. ಬಾಯಿ ಮಾತ್ರ ಇಂಧನದ ಲೆಕ್ಕ ಓದುತ್ತಿತ್ತು.

ಒಂದು ಸಂಜೆ ತೋಜರ್‌ನಿಂದ ಮರಳುವಾಗ, ಕೆಳಗೆ ಉಪ್ಪಿನ ಸರೋವರ ಗುಲಾಬಿ ಬಣ್ಣಕ್ಕೆ ತಿರುಗಿದ್ದಾಗ, ಅವಳು ಧೈರ್ಯ ಕೂಡಿಸಿಕೊಳ್ಳತೊಡಗಿದಳು. ಕೂಡಿಸುವಷ್ಟರಲ್ಲಿ ಸರೋವರ ಹಿಂದಾಯಿತು, ರಾಜಧಾನಿ ಟ್ಯೂನಿಸ್‌ನ ದೀಪಗಳು ಕಂಡವು, ವಿಮಾನ ಇಳಿಯತೊಡಗಿತು.

"ವಜ್ದಿ, ನಿಮ್ಮನ್ನ ಒಂದು ಮಾತು ಕೇಳ್ಬೇಕು. ಕೆಲಸದ್ದಲ್ಲ..."

ಅವನು ತಿರುಗಿದ. ಅವನ ಕಣ್ಣಲ್ಲಿ ಏನೋ ಬೆಳಗಿತು. ಮರುಕ್ಷಣ ಎತ್ತರದ ಮುಳ್ಳನ್ನು ನೋಡಿ, "ಹತ್ತು ಸಾವಿರ," ಎಂದ.

ಹತ್ತು ಸಾವಿರ ಅಡಿಗಿಂತ ಕೆಳಗೆ ಹಾರಾಟದ ಮಾತು ಬಿಟ್ಟು ಬೇರೇನನ್ನೂ ಆಡುವಂತಿಲ್ಲ. ಅದೂ ನಿಯಮವೇ. ಇಳಿದ ಮೇಲೆ ಮಾತಾಡಬಹುದಿತ್ತು. ಆದರೆ ಏಣಿಯ ಬುಡದಲ್ಲೇ ಸಿ ಹೇದಿ ನಿಂತಿದ್ದರು. "ಶೀರಾಜ್! ಕ್ಯಾಪ್ಟನ್ ಹುದ್ದೆಯ ಪರೀಕ್ಷೆಗೆ ನಿನ್ನ ಹೆಸರು ಬಂದಿದೆ ಮಗಳೇ!"

ಅವಳು ಕುಣಿದಾಡಿದಳು. ವಜ್ದಿಯೂ ನಕ್ಕ... ಆದರೆ ಆ ನಗುವಿನ ಹಿಂದೆಯೇ ಅವನ ಮುಖ ಯಾಕೆ ಕಪ್ಪಿಟ್ಟಿತು?

*

ಅದಾದ ಮೇಲೆ ವಜ್ದಿಯ ಜೊತೆ ಅವಳಿಗೆ ಒಂದು ಹಾರಾಟವೂ ಬೀಳಲಿಲ್ಲ.

'ಕಾಕತಾಳೀಯ ಇರ್ಬೇಕು' ಅಂದುಕೊಂಡಳು. ಎರಡನೆಯ ವಾರವೂ ಹಾಗೇ ಅಂದುಕೊಂಡಳು. ಮೂರನೆಯ ವಾರ ಕಾಫಿ ಅಂಗಡಿಯಲ್ಲಿ ಸಿ ಹೇದಿಯವರ ಎದುರು ಕೂತಳು.

"ಸಿ ಹೇದಿ, ಕ್ಯಾಪ್ಟನ್ ವಜ್ದಿ ರಜೆ ಮೇಲಿದ್ದಾರಾ? ಕಾಣೋದೇ ಇಲ್ಲ."

"ಎಲ್ಲಿಯ ರಜೆ! ಅವನೇ ಡ್ಯೂಟಿ ಹಂಚೋ ಸುಆದ್‌ಗೆ ಹೇಳಿದ್ದಾನಲ್ಲ, ನಿನ್ನ ಜೊತೆ ಹಾಕ್ಬೇಡ ಅಂತ..."

ಅಂದವರು ತಟ್ಟನೆ ನಿಲ್ಲಿಸಿದರು. ಬ್ರೀಕ್ ಗಂಟಲಲ್ಲಿ ಸಿಕ್ಕವರ ಹಾಗೆ ಕೆಮ್ಮಿದರು. "ಅಂದ್ರೆ... ನಾನೇನೂ ಹೇಳ್ಲಿಲ್ಲ." ಅರ್ಧ ತಿಂದ ತಟ್ಟೆ ಬಿಟ್ಟು ಎದ್ದೇಹೋದರು. ಹುಟ್ಟಿದ ಮೇಲೆ ಮೊದಲ ಸಲ ಆ ಮನುಷ್ಯ ಮಾತನ್ನು ಅರ್ಧಕ್ಕೆ ನಿಲ್ಲಿಸಿದ್ದ. ಅದೂ ನಿಲ್ಲಿಸಬಾರದ ಜಾಗದಲ್ಲಿ.



ಮುರ್ಜಾನ್‌ನಲ್ಲಿ ಒಂದು ಹಳೇ ಪದ್ಧತಿ ಇತ್ತು. ಯಾವ ಪೈಲಟ್ ಬೇಕಾದರೂ, ಹಾರಾಟ ಹಂಚುವ ಸುಆದ್ ಬಳಿ ಹೋಗಿ, ಇಂಥವರ ಜೊತೆ ನನ್ನನ್ನು ಹಾಕಬೇಡ ಎನ್ನಬಹುದು. ಸುಆದ್ ಕಾರಣ ಕೇಳುವಂತಿಲ್ಲ. ಕೇಳಬೇಕಾಗಿಯೂ ಇರಲಿಲ್ಲ. 'ಆ ಕೈಗಳನ್ನು ನಾನು ನಂಬುವುದಿಲ್ಲ.' ಎಲ್ಲರೂ ಹಾಗೆಯೇ ಅರ್ಥ ಮಾಡಿಕೊಳ್ಳುತ್ತಿದ್ದರು.

'ನನ್ನ ಕೈಗಳನ್ನ...? ವಜ್ದಿ...? ಹಾಗಾದ್ರೆ ಜೆರ್ಬಾದಲ್ಲಿ ಆಡಿದ್ದು ಬರೀ ಬಾಯಿಮಾತಾ?'

ನೇರವಾಗಿ ಹೋಗಿ ಅವನನ್ನೇ ಕೇಳಬಹುದಿತ್ತು. ಅವಳು ಕೇಳಲಿಲ್ಲ. ದೀಪ ಹತ್ತಿದೆ, ಅಷ್ಟು ಸಾಕು ಎಂದು ನಂಬಿಬಿಟ್ಟಳು. ಚಳಿಗಾಲವಿಡೀ ಪಕ್ಕದಲ್ಲೇ ಕೂತು ಕಲಿತ ಪಾಠ ಬೇಕಾದಾಗ ಕೈಕೊಟ್ಟಿತು.

ನೇರ ಹೋದದ್ದು ಸುಆದ್ ಬಳಿಗೆ.

"ನನ್ನನ್ನೂ ಅವರ ಜೊತೆ ಹಾಕ್ಬೇಡಿ. ಯಾವತ್ತೂ!"

ಸುಆದ್ ಕನ್ನಡಕದ ಮೇಲಿಂದ ನೋಡಿದಳು. "ಅಲ್ಲಮ್ಮಾ, ಈಗಾಗ್ಲೇ ಹಾಕ್ತಾ ಇಲ್ವಲ್ಲ."

"ನನ್ನ ಕಡೆಯಿಂದಲೂ ಇರ್ಲಿ."

"ಸಿಟ್ಟಲ್ಲಿ ಹೇಳ್ತಾ ಇದ್ದೀಯ. ನಾಳೆ ಬಾ."

"ನೀವು ಕಾರಣ ಕೇಳೋ ಹಾಗಿಲ್ಲ!"

"ಕೇಳ್ಲಿಲ್ಲಮ್ಮಾ. ಮುಖದ ಮೇಲೇ ಬರ್ಕೊಂಡು ಬಂದಿದ್ದೀಯ," ಎಂದು ಸುಆದ್ ನಿಟ್ಟುಸಿರಿಟ್ಟಳು.

ಅಲ್ಲಿಂದಾಚೆ ದಿನಗಳು ಭಾರವಾದವು. ಕಂಪನಿಯ ಮಾರಾಟದ ಸುದ್ದಿ ದಿನಕ್ಕೊಂದು ಬಣ್ಣ ತಾಳಿತು. ಇಬ್ಬರು ಹಿರಿಯರು ಹೇಳದೆ ಕೇಳದೆ ಕೆಲಸ ಬಿಟ್ಟರು. ಮಾರಾಟ ಮುಗಿಯುವ ಮುಂಚೆಯೇ ಅಜೂಜಾಳನ್ನು ಹಾರಾಟದಿಂದ ತೆಗೆದರು. ವಜ್ದಿಗೂ ಕೊಲ್ಲಿಯಿಂದ ಕೆಲಸಕ್ಕೆ ಕರೆ ಬಂದಿದೆಯಂತೆ ಎಂದು ಕಾಫಿ ಅಂಗಡಿ ಪಿಸುಗುಟ್ಟಿತು.

ಒಮ್ಮೆ ಮೊಗಸಾಲೆಯಲ್ಲಿ ಇಬ್ಬರೂ ಮುಖಾಮುಖಿಯಾದರು. ಅವನ ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು.

"ಪರೀಕ್ಷೆಗೆ ಓದ್ತಿದ್ದೀಯಾ?"

"ನಿಮಗ್ಯಾಕೆ ಕ್ಯಾಪ್ಟನ್?"

ಅವನು ಟೋಪಿ ಸರಿಪಡಿಸಿಕೊಂಡ. "ಚೆನ್ನಾಗಿ ಮಾಡು," ಎಂದಷ್ಟೇ ಹೇಳಿ ನಡೆದುಬಿಟ್ಟ.

ಅವಳು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು ಅತ್ತಳು. ಟೋಪಿ ತೆಗೆದಿಟ್ಟೇ ಅತ್ತಳು. ಸಮವಸ್ತ್ರದಲ್ಲಿ ಅಳಬಾರದು ಎಂದು ಯಾವ ನಿಯಮವೂ ಇಲ್ಲ, ಆದರೂ...

*

ಪರೀಕ್ಷೆಯ ದಿನ ಎಡಗಡೆ ಸೀಟಿನಲ್ಲಿ ಶೀರಾಜ್, ಬಲಗಡೆ ಪರೀಕ್ಷಕರಾಗಿ ಸಿ ಹೇದಿ. ಟ್ಯೂನಿಸ್‌ನಿಂದ ಸ್ಫಾಕ್ಸ್, ಸ್ಫಾಕ್ಸ್‌ನಿಂದ ಟ್ಯೂನಿಸ್. ಮರಳುವಾಗ ಅಡ್ಡಗಾಳಿ. ಅವಳು ವಿಮಾನವನ್ನು ಮಲಗಿದ ಮಗುವನ್ನು ತೊಟ್ಟಿಲಿಗೆ ಇಳಿಸಿದ ಹಾಗೆ ಇಳಿಸಿದಳು.

ಇಂಜಿನ್ ನಿಂತಿತು. ಸಿ ಹೇದಿ ಕನ್ನಡಕ ತೆಗೆದು ಒರೆಸಿಕೊಂಡರು.

"ಶುಭವಾಗ್ಲಿ, ಕ್ಯಾಪ್ಟನ್."

ಅವಳಿಗೆ ಖುಷಿಯಾಗಬೇಕಿತ್ತು. ಕಣ್ಣೀರು ಬಂತು.

"ಒಬ್ಬರಿಗೆ ಮಾತ್ರ ಇದು ಒಪ್ಪಿಗೆ ಇರಲ್ಲ," ಎಂದಳು ಕಹಿಯಾಗಿ.

"ಯಾರಿಗೆ? ವಜ್ದಿಗಾ?" ಸಿ ಹೇದಿ ಉಸಿರುಬಿಟ್ಟರು. "ಅಯ್ಯೋ, ಈಗ ಹೇಳ್ಬಹುದು. ಇಷ್ಟು ದಿನ ಬಾಯಿ ಮುಚ್ಕೊಂಡು ನನಗೆ ಹುಣ್ಣೇ ಆಗಿದೆ! ಮಗಳೇ, ಈ ಕಂಪನಿಯಲ್ಲಿ ಪರೀಕ್ಷಕರು ಎಷ್ಟು ಜನ?"

"ಇಬ್ರು. ನೀವು... ವಜ್ದಿ."

"ನಿನ್ನ ಹೆಸರು ಬಂದ ದಿನವೇ ಅವನು ನನ್ನ ಕೋಣೆಗೆ ಬಂದ. 'ಸಿ ಹೇದಿ, ಅವಳನ್ನ ನಾನು ಪರೀಕ್ಷೆ ಮಾಡೋ ಹಾಗಿಲ್ಲ. ಪರೀಕ್ಷೆ ಮುಗಿಯೋವರೆಗೂ ಜೊತೇಲಿ ಹಾರೋ ಹಾಗೂ ಇಲ್ಲ' ಅಂದ. ಯಾಕೋ ಅಂದೆ. 'ಅವಳು ನನಗಿಷ್ಟ. ನಾಳೆ ಅವಳು ಪಾಸಾದ್ರೆ ಜನ ನನ್ನಿಂದ ಪಾಸಾದ್ಳು ಅಂತಾರೆ. ಅವಳಿಗೆ ಅದು ಬೇಡ' ಅಂದ."

ಶೀರಾಜ್ ಬೆಲ್ಟ್ ಬಿಚ್ಚತೊಡಗಿದಳು.

"ಮತ್ತೆ... ಮತ್ತೆ ನನಗ್ಯಾಕೆ ಒಬ್ರೂ ಹೇಳ್ಲಿಲ್ಲ?"

"ಹೇಳಕೂಡದು ಅಂದವನು ನಾನೇ. ನಿನಗೆ ಗೊತ್ತಿದ್ದು ಪಾಸಾಗಿದ್ರೂ ಜನ ಅದನ್ನೇ ಅಂತಿದ್ರು. ಅವತ್ತು ಅರ್ಧ ಬಾಯಿ ಜಾರಿತಲ್ಲ, ಇನ್ನರ್ಧಾನೂ ಜಾರ್ಬೇಕಿತ್ತು, ನನ್ನ ಕರ್ಮ!"

"ಈಗ ಅವರೆಲ್ಲಿ?"

ಸಿ ಹೇದಿಯವರ ಮುಖ ಸಣ್ಣಗಾಯಿತು. "ನೀನು ಸ್ಫಾಕ್ಸ್‌ನಲ್ಲಿ ಚೆನ್ನಾಗಿ ಇಳಿಸಿದೆ ಅಂತ ಕೇಳಿದವನೇ, ತನ್ನ ಕೋರಿಕೆ ವಾಪಸ್ ತಗೊಳ್ಳೋಕೆ ಸುಆದ್ ಬಳಿ ಓಡಿದ್ದಾನೆ. ಅವಳು, 'ಇನ್ನೊಂದು ಕೋರಿಕೆ ಇದೆಯಪ್ಪಾ, ಆ ಕಡೆಯಿಂದ' ಅಂದ್ಳಂತೆ. ನಾವಿನ್ನೂ ಸ್ಫಾಕ್ಸ್‌ನಲ್ಲಿದ್ದಾಗ ಫೋನ್ ಮಾಡಿ ಹೇಳಿದ್ಳು. 'ಅರ್ಥವಾಯ್ತು' ಅಂದು ಹೊರಟ್ನಂತೆ. ಕೊಲ್ಲಿಯವರಿಗೆ ಇವತ್ತೇ ಉತ್ತರ ಕೊಡ್ಬೇಕು ಅವನು. ಅಜೂಜಾಳ ಬಳಿ ಇದ್ದಾನೆ, ಅವಳನ್ನ ಮರುಭೂಮಿಗೆ ಬಿಡೋಕೆ..."

ಮಾತು ಮುಗಿಯುವುದರೊಳಗೆ ಶೀರಾಜ್ ಏಣಿ ಇಳಿದಿದ್ದಳು.

*

ನಿಲ್ದಾಣದ ಕಟ್ಟಕಡೆಯ ಮೂಲೆಯಲ್ಲಿ ಅಜೂಜಾ ನಿಂತಿದ್ದಳು. ಕಂಪನಿಯ ಹವಳದ ಗುರುತನ್ನು ಬಾಲದ ಮೇಲಿಂದ ಆಗಲೇ ಕೆರೆದುಹಾಕಿದ್ದರು. ಸಮುದ್ರದ ಕಡೆಯಿಂದ ತೇವಗಾಳಿ ಬೀಸುತ್ತಿತ್ತು.

ಕಾಕ್‌ಪಿಟ್‌ನ ಎಡ ಸೀಟಿನಲ್ಲಿ ವಜ್ದಿ ಒಬ್ಬನೇ ಕೂತಿದ್ದ. ಕೈಯಲ್ಲಿ ಫೋನು. ತಲೆಯ ಮೇಲೆ ಕಿತ್ತಳೆ ದೀಪ.

"ದೀಪ ಹತ್ತಿದೆ," ಎಂದಳು ಶೀರಾಜ್, ಏದುಸಿರು ಬಿಡುತ್ತ.

ಅವನು ತಿರುಗಲಿಲ್ಲ. "ತೇವ ಇದೆಯಲ್ಲ. ಸುಳ್ಳು ಹೇಳ್ತಾಳೆ."

"ಬಾಗಿಲು ಮುಟ್ಟಿ ನೋಡಿ ಬಂದೆ. ಮುಚ್ಚೇ ಇದೆ. ನಾನು... ಮೊದಲೇ ಮುಟ್ಟಿ ನೋಡ್ಬೇಕಿತ್ತು, ವಜ್ದಿ. ಯಾರೋ ಹೇಳಿದ ಅರ್ಧ ಮಾತು ನಂಬಿಬಿಟ್ಟೆ. ನನ್ನ ಕೈಗಳ ಮೇಲೆ ನಿಮಗೆ ನಂಬಿಕೆ ಇಲ್ಲ ಅಂದ್ಕೊಂಡೆ."

ಈಗ ಅವನು ತಿರುಗಿದ. "ನಿನ್ನ ಕೈ ಮೇಲಾ? ಶೀರಾಜ್, ಜೆರ್ಬಾದಲ್ಲಿ ಆ ಕೂಗು ಬರದೇ ಹೋಗಿದ್ರೆ ನಾನು ಇಲ್ಲಿ ಕೂತಿರ್ತಿದ್ನಾ?"

"ಹಾಗಂತ ಹೇಳೋದಕ್ಕೆ ಏನಾಗಿತ್ತು ನಿಮಗೆ!"

"ಹೇಳೋ ಹಾಗಿರ್ಲಿಲ್ಲ..."

"ನಿಮ್ಮ ನಿಯಮಗಳಿಗೆ ಬೆಂಕಿ ಬೀಳ್ಲಿ!"

ಅವನ ಕೈಯಲ್ಲಿ ಫೋನು ನಡುಗತೊಡಗಿತು. ಕೊಲ್ಲಿಯವರು. ಇಬ್ಬರೂ ಅದನ್ನೇ ನೋಡಿದರು. ಅವನ ಹೆಬ್ಬೆರಳು ಪರದೆಯ ಕಡೆ ಸರಿಯಿತು.

"ಗೋ ಅರೌಂಡ್!"

ಶೀರಾಜ್ ಕೂಗಿಬಿಟ್ಟಳು.

"ಗೋ ಅರೌಂಡ್," ಎಂದುಬಿಟ್ಟ ವಜ್ದಿ. ಅಭ್ಯಾಸಬಲ. ಯೋಚಿಸುವ ಮೊದಲೇ ನಾಲಿಗೆ ಮರುನುಡಿದಿತ್ತು, ಬೆರಳು ಹಿಂದೆ ಸರಿದಿತ್ತು. ಫೋನು ನಡುಗಿ ನಡುಗಿ ಸುಮ್ಮನಾಯಿತು.

ತಾನೇನು ಅಂದೆ ಎಂದು ಹೊಳೆದಾಗ ಅವನಿಗೆ ನಗು ಬಂತು. ನಗುತ್ತಲೇ ಕಣ್ಣು ಒರೆಸಿಕೊಂಡ.

"ಈ ಕಂಪನಿ ಮುಳುಗಿದ್ರೆ ಏನು ಮಾಡೋದು, ಕ್ಯಾಪ್ಟನ್ ಶೀರಾಜ್?"

"ಸಿ ಹೇದಿಗೆ ಗೊತ್ತಿರುತ್ತೆ. ಕೇಳೋಣ. ಇಲ್ಲಾಂದ್ರೆ ಲಬ್ಲಾಬಿ ಸಾರಿನ ಅಂಗಡಿ ಇಡೋಣ. ನೀವು ಕಡಲೆ ಬೇಯಿಸಿ, ನಾನು ಖಾರದ ಹರೀಸಾ ಹಾಕ್ತೀನಿ."

ಅವಳು ಬಲಗಡೆ ಸೀಟಿನಲ್ಲಿ ಕೂತಳು. ಕಿಟಕಿಯಲ್ಲಿ ಗಾಳಿ ಹಾಡುತ್ತಿತ್ತು.

"ಅವತ್ತು ಹತ್ತು ಸಾವಿರ ಅಡಿಯಲ್ಲಿ ನೀನು ಏನೋ ಕೇಳೋಕೆ ಹೊರಟಿದ್ದೆ," ಎಂದ ವಜ್ದಿ ಮೆಲ್ಲಗೆ.

"ಮರೆತುಹೋಯ್ತು."

"ಸುಳ್ಳು."

"ಹೂಂ, ಸುಳ್ಳು. ಈಗ ಕೇಳ್ಬಹುದಾ? ಹತ್ತು ಸಾವಿರಕ್ಕಿಂತ ಇನ್ನೂ ಕೆಳಗೇ ಇದ್ದೀವಿ."

"ಪಾರ್ಕಿಂಗ್ ಬ್ರೇಕ್ ಹಾಕಿದೆ. ಏನು ಬೇಕಾದ್ರೂ ಕೇಳು."

ಶೀರಾಜ್ ನೇರ ಮುಂದೆ, ಖಾಲಿ ರನ್‌ವೇಯನ್ನು ನೋಡುತ್ತ ಕೇಳಿದಳು. 'ನೀವು' ಎಲ್ಲೋ ಕಳಚಿಬಿದ್ದಿತ್ತು.

"ನಿನಗೆ ನಾನಂದ್ರೆ ಇಷ್ಟಾನಾ, ವಜ್ದಿ?"

"ಇಷ್ಟ. ಜೆರ್ಬಾದಿಂದ," ಎಂದ ಅವನು. "ನಿನಗೆ?"

"ನನಗೂ. ಜೆರ್ಬಾದಿಂದಲೇ."

ಅವನ ಕೈ ನಡುವಿನ ಥ್ರಾಟಲ್ ದಾಟಿ ಬಂತು. ಅವಳ ಕೈ ಅಲ್ಲಿಯೇ ಇತ್ತು.

"ದೀಪ ನೋಡು," ಎಂದ ಅವನು, "ಇನ್ನೂ ಉರೀತಾನೇ ಇದೆ."

"ಉರೀಲಿ ಬಿಡು," ಎಂದಳು ಶೀರಾಜ್.