ಅವನು ಆರಿಸಿದ ಮೂರನೇ ಜೋಡಿ

"ಪರದೆ ಮುಟ್ಟಬೇಡಿ" ಎಂದು ನಾನು ಹೇಳಿ ಮುಗಿಸುವಷ್ಟರಲ್ಲಿ ಆ ಮನುಷ್ಯ ಪರದೆ ಸರಿಸಿ ಒಳಗೆ ತಲೆ ತೂರಿಸಿಯಾಗಿತ್ತು. ನನಗೆ ಮೈಯೆಲ್ಲ ಉರಿದುಹೋಯಿತು.

"ರೀ ಸ್ವಾಮಿ, ಇದೇನು ನಾಟಕದ ಪರದೆನಾ, ಹೀಗೆ ಇಣುಕೋಕೆ?"

ಅವನು ತಿರುಗಿದ. ನಲವತ್ತರ ಆಸುಪಾಸು, ಕೆನ್ನೆಯ ಪಕ್ಕ ಅಲ್ಲೊಂದು ಇಲ್ಲೊಂದು ಬೆಳ್ಳಿಗೂದಲು, ಸಿಕ್ಕಿಬಿದ್ದ ತುಂಟನ ನಗು. "ನೋಡ್ದೆ ಹೆಂಗೆ ತಗೊಳ್ಳೋದು ಮೇಡಂ?"

"ಸ್ಪೀಕರ್ ತಗೊಳ್ಳೋದು ಕೇಳೋಕೆ. ನೋಡೋಕೇ ಬೇಕು ಅಂದ್ರೆ ಪಕ್ಕದಲ್ಲಿ ಫರ್ನಿಚರ್ ಅಂಗಡಿ ಇದೆ, ಹೋಗಿ."

ಹೋಗಲಿಲ್ಲ. ಕುರ್ಚಿ ಎಳೆದುಕೊಂಡು ಕೂತೇಬಿಟ್ಟ.

ದುಬಾರಿ ಸ್ಪೀಕರುಗಳ ಈ ಅಂಗಡಿ ನನ್ನದು ಮತ್ತು ಅಕ್ಕನದು. ಅಕ್ಕ ಹೊರಗೆ ಕೌಂಟರಿನಲ್ಲಿ, ನಾನು ಒಳಗಿನ ಕೇಳುವ ಕೋಣೆಯಲ್ಲಿ. ಗಿರಾಕಿ ಎಂಥ ದೊಡ್ಡವನಾಗಿರಲಿ, ಇಲ್ಲಿ ನಡೆಯುವುದು ನನ್ನ ಕಾನೂನು. ಕಪ್ಪು ಪರದೆಯ ಹಿಂದೆ ಮೂರು ಜೋಡಿ ಸ್ಪೀಕರ್ ಇಡುತ್ತೇನೆ. ಒಂದೇ ಹಾಡು, ಒಂದೇ ವಾಲ್ಯೂಮ್. ಬೆಲೆ ಹೇಳುವುದಿಲ್ಲ, ಕಂಪನಿ ಹೇಳುವುದಿಲ್ಲ, ಕಿವಿಯಿಂದಲೇ ಆರಿಸಬೇಕು. ಮೂರರಲ್ಲಿ ಎರಡು ಚಿನ್ನದಂಥವು. ಮೂರನೆಯದನ್ನು ಬೇಕೆಂದೇ ಇಟ್ಟಿದ್ದೇನೆ. ಅದರಲ್ಲಿ ಸಣ್ಣ ಕೀರಲು ಸದ್ದುಗಳೆಲ್ಲ ಅತಿಯಾಗಿ ಚೂಪು. ಗಾಯಕಿ 'ಸ' ಎಂದರೆ ಸಾಕು, ಕಿವಿಗೆ ಸೂಜಿ ಚುಚ್ಚಿದಂತಾಗುತ್ತದೆ. ಅದನ್ನು ಕೇಳಿಸಿದ ಮೇಲೆ ಉಳಿದೆರಡರ ಬೆಲೆ ಗಿರಾಕಿಗೆ ತಾನಾಗಿಯೇ ಗೊತ್ತಾಗುತ್ತದೆ.

ಅವನು ಕಣ್ಣು ಮುಚ್ಚಿ ಕೇಳಿದ. ಮುಚ್ಚಿದ್ದಾನಲ್ಲ ಎಂದು ನಾನೂ ಧಾರಾಳವಾಗಿ ನೋಡಿದೆ. ಉದ್ದನೆಯ ರೆಪ್ಪೆ. ಮೊಣಕಾಲಿನ ಮೇಲೆ ತಾಳ ಹಾಕುವ ತೋರುಬೆರಳು. ಒಂದು ಗುಂಡಿ ಬೇರೆ ಬಣ್ಣದ್ದಾದ ಅಂಗಿ. ಮನೆಯಲ್ಲಿ ಹೇಳುವವರು ಕೇಳುವವರು ಯಾರೂ ಇಲ್ಲ ಅಂದುಕೊಂಡೆ.

"ಮೂರನೇದು" ಎಂದ, ಕಣ್ಣು ತೆರೆಯದೆ. "ಮೊದಲೆರಡೂ ಕಂಬಳಿ ಹೊದ್ಕೊಂಡು ಹಾಡ್ತಿವೆ. ಇದೊಂದೇ ಬಾಯಿಬಿಟ್ಟು ಹಾಡ್ತಿರೋದು."

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅವನಿಗೆ ಏನೂ ಅರ್ಥವಾಗಲಿಲ್ಲ, ಆದರೂ ಜೊತೆಗೆ ನಕ್ಕ. ಆ ನಗುವಿಗೇ ನಾನು ಬಿದ್ದದ್ದು, ಈಗ ಮುಚ್ಚಿಟ್ಟು ಏನಾಗಬೇಕಾಗಿದೆ?

ಅವನು ಹೋದ ಮೇಲೆ ಅಕ್ಕ ಓಡಿಬಂದಳು. "ಅಯ್ಯೋ ಪೆದ್ದಿ, ಯಾರನ್ನ ಬೈದೆ ಗೊತ್ತೇನೇ? ಸಿನಿಮಾ ಹಾಡುಗಳಲ್ಲಿ ದನಿ, ವಾದ್ಯ ಎಲ್ಲ ಹದವಾಗಿ ಬೆರೆಸಿ ಮಿಕ್ಸ್ ಮಾಡೋರು ಅವರೇ. ಸ್ಟುಡಿಯೋದವರೆಲ್ಲ ಅವರನ್ನ ಕಿವಿ ಸಾಹೇಬ್ರು ಅಂತಾರೆ!"

ನನಗೆ ಆಗ ಎಲ್ಲ ಹೊಳೆಯಿತು. ಅಂದರೆ, ಹೊಳೆಯಿತು ಅಂದುಕೊಂಡೆ. ಅಷ್ಟು ಹೆಸರಾದ ಕಿವಿಯವನು ಅಂಥ ದರಿದ್ರ ಜೋಡಿಯನ್ನು ಆರಿಸಿದನೆಂದರೆ ಕಾಲೆಳೆಯುತ್ತಿದ್ದಾನೆ, ಇನ್ನೇನು? ಬೈದದ್ದಕ್ಕೆ ಸೇಡು ತೀರಿಸಿಕೊಂಡಿದ್ದಾನೆ!

ಮುಂದಿನ ಭಾನುವಾರ ಮತ್ತೆ ಬಂದ, ಕೈಯಲ್ಲಿ ಎರಡು ಲೋಟ ಕಾಫಿ. ನಾನು ಜಾಗ ಅದಲುಬದಲು ಮಾಡಿ, ಹಾಡೂ ಬದಲಿಸಿದೆ. ಅದೇ ಜೋಡಿಯನ್ನೇ ಹಿಡಿದ.

"ಒಳ್ಳೇ ನಟ ಕಣ್ರೀ ನೀವು."

"ನಟನೆ ಎಲ್ಲಿಂದ ಬಂತು? ನಿಜ ಹೇಳಿದೆ."

"ಹೌದೌದು, ಸತ್ಯಸಂಧರು!"

ಆಮೇಲೆ ಅದೇ ನಮ್ಮಿಬ್ಬರ ಆಟವಾಯಿತು. ಪ್ರತಿ ಭಾನುವಾರ ಅವನು ಅದನ್ನೇ ಆರಿಸುವುದು, ನಾನು ತಲೆ ಚಚ್ಚಿಕೊಳ್ಳುವುದು. ನನ್ನನ್ನು ನಗಿಸಲೆಂದೇ ಒಬ್ಬ ಮನುಷ್ಯ ಇಷ್ಟು ಕಷ್ಟಪಡುತ್ತಿದ್ದಾನೆ ಎಂದು ವಾರವಿಡೀ ಒಳಗೊಳಗೇ ಬೀಗುತ್ತಿದ್ದೆ. ವೈರ್ ಎಳೆಯುವಾಗ ತುದಿ ಹಿಡಿಯಲು ಬರುತ್ತಿದ್ದ; ಕೊಡುವಾಗ ಬೆರಳು ತಗುಲಿದರೆ ಇಬ್ಬರೂ ವೈರನ್ನೇ ನೋಡುತ್ತಾ ನಿಲ್ಲುತ್ತಿದ್ದೆವು. "ಏನೇ, ಸ್ಪೀಕರ್ ಕೊಳ್ತಾರೋ, ಅಂಗಡಿಯವಳನ್ನೇ ಕೊಳ್ತಾರೋ?" ಎಂದು ಅಕ್ಕ ಹೊರಗಿನಿಂದಲೇ ಕೂಗಿ ನನ್ನ ಮಾನ ಕಳೆಯುತ್ತಿದ್ದಳು.

ಒಂದು ದಿನ ಕೋಣೆಯ ಅಳತೆಗೆಂದು ಅವನ ಮನೆಗೆ ಹೋದೆ. ಸ್ಪೀಕರ್ ಎಲ್ಲಿಡಬೇಕೆಂಬುದು ಗೋಡೆ, ಕಿಟಕಿ, ಸೋಫಾ ನೋಡದೆ ಗೊತ್ತಾಗುವುದಿಲ್ಲ. ಟೇಪಿನ ಒಂದು ತುದಿ ನನ್ನ ಕೈಯಲ್ಲಿ, ಇನ್ನೊಂದು ಅವನ ಕೈಯಲ್ಲಿ. ಅವನು ಟೇಪು ಸುತ್ತುತ್ತಾ ಸುತ್ತುತ್ತಾ ನನ್ನ ಎದುರಿಗೇ ಬಂದು ನಿಂತ.

"ಈ ಮನೆಗೆ ಸ್ಪೀಕರ್ ಒಂದು ಬಂದ್ರೆ ಸಾಲದು. ನೀನೂ ಬರಬೇಕು."

ಮೊದಲ ಸಲ 'ನೀನು' ಎಂದಿದ್ದ. ಎಲ್ಲರಿಗೂ ಪಟಪಟ ಉತ್ತರ ಕೊಡುವವಳು ನಾನು, ಅವತ್ತು ಸುಮ್ಮನೆ ತಲೆಯಾಡಿಸಿದೆ. ಅವನು ನನ್ನ ಹಣೆಗೆ ಹಣೆ ತಾಗಿಸಿದ.

ಅಡುಗೆಮನೆಯಲ್ಲಿ ಫ್ರಿಜ್ ಕೂಗತೊಡಗಿತು. ಬಾಗಿಲು ಸರಿಯಾಗಿ ಹಾಕಿರಲಿಲ್ಲ. ಸಣ್ಣಗೆ, ಚೂಪಾಗಿ, ಬಿಡದೆ ಕೂಗುತ್ತಿತ್ತು.

"ಫ್ರಿಜ್ ಬಾಗಿಲು ಹಾಕಿ ಬನ್ನಿ" ಎಂದೆ.

"ಯಾಕೆ?"

"ಅದರ ಕೂಗು ಕೇಳ್ತಿಲ್ವಾ?"

"ಯಾವ ಕೂಗು?" ಎಂದ ನಗುತ್ತಾ. ನಾನೂ ನಗಲು ಹೋದೆ, ಇದೂ ಅದೇ ಆಟವೆಂದು. ಅವನ ಕಣ್ಣುಗಳಲ್ಲಿ ಆಟ ಇರಲಿಲ್ಲ. ನನ್ನನ್ನು ಬಿಟ್ಟು ಬೇರೇನೂ ಇರಲಿಲ್ಲ ಅಲ್ಲಿ.

ಅವನು ಒಂದು ಸಲವೂ ತಮಾಷೆ ಮಾಡಿರಲಿಲ್ಲ. ಸಣ್ಣ ಕೀರಲು ಸದ್ದುಗಳು ಅವನ ಕಿವಿ ದಾಟಿ ಹೋಗುತ್ತಿದ್ದವು. ಆ ಹಾಳು ಜೋಡಿ ಆ ಸದ್ದುಗಳನ್ನು ಕಿರುಚಿ ಹೇಳುತ್ತಿದ್ದುದರಿಂದ ಅವನಿಗೆ ಅದೊಂದೇ ಸರಿಯಾಗಿ ಹಾಡಿದಂತೆ ಕೇಳಿಸುತ್ತಿತ್ತು. ನಾನು ಒಬ್ಬನ ಕಿವುಡನ್ನು ನನಗಾಗಿ ಮಾಡಿದ ಕೀಟಲೆ ಎಂದುಕೊಂಡು ಹಿಗ್ಗಿದ್ದೆ.

ವಾರವಿಡೀ ಊಟ ಸೇರಲಿಲ್ಲ. ಮುಂದಿನ ತಿಂಗಳು ಅವನ ಕೈಗೆ ದೊಡ್ಡದೊಂದು ಸಿನಿಮಾದ ಹಾಡುಗಳು ಬರುವುದಿತ್ತು. ಅದನ್ನೂ ತನ್ನ ಕಿವಿಗೆ ಹಿತವಾಗುವಷ್ಟು ಚೂಪಾಗಿ ಮಿಕ್ಸ್ ಮಾಡಿದರೆ ಊರೆಲ್ಲ ನಗುತ್ತದೆ. ಬಾಯಿಬಿಟ್ಟರೆ ನನ್ನ ಮದುವೆ ಕೈತಪ್ಪಬಹುದು, ಬಿಡದಿದ್ದರೆ ಅವನ ಮರ್ಯಾದೆ ಹರಾಜಾಗುವುದನ್ನು ಪಕ್ಕದಲ್ಲಿ ಕೂತು ನೋಡಬೇಕು. ಅದು ನನ್ನಿಂದಾಗದ ಕೆಲಸ.

ಭಾನುವಾರ ಬಂದ. ಕೂತ. ನಾನು ಹಾಡು ಹಾಕಲಿಲ್ಲ. ಸ್ಪೀಕರ್ ಪರೀಕ್ಷೆಗೆಂದು ಇರುವ ಸಿಳ್ಳೆಯಂಥ ಒಂದು ಸದ್ದು ಹಾಕಿದೆ.

ಅವನು ಕಣ್ಣು ಮುಚ್ಚಿ ಕಾದ. "ಶುರು ಮಾಡು" ಎಂದ.

ಅಷ್ಟರಲ್ಲಿ ಅಕ್ಕ ಎರಡೂ ಕಿವಿ ಮುಚ್ಚಿಕೊಂಡು ಬಾಗಿಲಿಗೆ ಬಂದಳು. "ಅಯ್ಯೋ, ನಿಲ್ಸೇ ಅದನ್ನ! ಹಲ್ಲೆಲ್ಲ ಜುಂ ಅಂತಿದೆ!"

ಅವನು ಕಣ್ಣು ತೆರೆದ. ಅಕ್ಕನ ಕೈಗಳನ್ನು ನೋಡಿದ, ಆಮೇಲೆ ನನ್ನನ್ನು. ಅಕ್ಕ ತಾನು ಏನು ಮಾಡಿದೆನೆಂದು ತಿಳಿಯದೆ ಮೆಲ್ಲನೆ ಹೊರಗೆ ಹೋದಳು. ನಾನು ಸದ್ದು ನಿಲ್ಲಿಸಿದೆ. ನಿಂತದ್ದೂ ಅವನಿಗೆ ಗೊತ್ತಾಗಲಿಲ್ಲ.

"ಎಷ್ಟು ಹೊತ್ತಿಂದ ಇದೆ ಅದು?"

"ನೀವು ಕೂತಾಗಿಂದ."

ಅವನು ಕುರ್ಚಿಯಿಂದ ಎದ್ದ. "ಸ್ಟುಡಿಯೋದಲ್ಲಿ ಹಾಡೋ ಹುಡುಗೀರು ಹೇಳ್ತಿದ್ರು, ಸರ್, ನನ್ನ ದನಿ ಚುಚ್ತಿದೆ ಅಂತ. ನಿಮಗೆ ಕೇಳೋಕೆ ಬರಲ್ಲ ಅಂತ ಬೈದು ಕಳಿಸ್ತಿದ್ದೆ" ಎಂದ.

"ಡಾಕ್ಟರ್ ಹತ್ರ ಹೋಗೋಣ. ಕಿವಿಗೆ ಮಷಿನ್ ಹಾಕ್ಕೋಬಹುದು. ಮಿಕ್ಸ್ ಮಾಡುವಾಗ ನಾನೂ ಪಕ್ಕದಲ್ಲಿ ಕೂರ್ತೀನಿ, ಚುಚ್ಚೋ ಕಡೆ ಹೇಳ್ತೀನಿ. ಯಾರಿಗೂ ಗೊತ್ತಾಗಲ್ಲ."

"ನಿನಗೆ ಗೊತ್ತಲ್ಲ."

"ಗೊತ್ತಿದ್ರೆ ಏನೀಗ?"

"ಬೇರೆಯವರ ಎದುರಿಗೆ ನಾನು ಇನ್ನೂ ಕಿವಿ ಸಾಹೇಬ್ರೇ. ಮನೆಗೆ ಬಂದ ಮೇಲೂ, ಊಟಕ್ಕೆ ಕೂತಾಗಲೂ, ಇವನಿಗೆ ಕೇಳಿಸ್ತೋ ಇಲ್ವೋ ಅಂತ ನೀನು ನನ್ನ ಮುಖಾನೇ ನೋಡ್ತಿರ್ತೀಯ. ನನ್ನಿಂದ ಆಗಲ್ಲ."

"ಇಲ್ಲ! ಹಂಗೆಲ್ಲ ನೋಡಲ್ಲ ನಾನು!"

ನಾನು ಒಂದೊಂದೇ ಮಾತನ್ನು ಬಿಡಿಸಿ, ದನಿ ಎತ್ತರಿಸಿ ಹೇಳಿದ್ದೆ. ಕಿವುಡರಿಗೆ ಹೇಳುವ ಹಾಗೆ.

ಅವನು ಮೊದಲ ದಿನದ ಹಾಗೇ ನಕ್ಕ. "ನೋಡಿದ್ಯಾ? ಈಗಲೇ ಕೂಗೋಕೆ ಶುರು ಮಾಡ್ದೆ."

ನನ್ನ ಕೆನ್ನೆಯ ಮೇಲೆ ಅಂಗೈ ಇಟ್ಟ. ಆ ಕೈ ತಣ್ಣಗಿತ್ತು. ಆಮೇಲೆ ಕುರ್ಚಿಯನ್ನು ಅದರ ಜಾಗಕ್ಕೆ ಸರಿಸಿ, ನನಗೆ ಬೆನ್ನು ಹಾಕಿ ನಡೆದ.

ಹೋಗಬೇಡಿ ಎನ್ನಬೇಕಿತ್ತು ನಾನು. ಮೆಲ್ಲಗೆ ಹೇಳಿದರೆ ಅವನಿಗೆ ಕೇಳಿಸುವುದಿಲ್ಲ. ಗಟ್ಟಿಯಾಗಿ ಹೇಳಿದರೆ ಅವನ ಮಾತೇ ನಿಜವಾಗುತ್ತದೆ. ಯಾರಿಗೂ ಬಾಯಿ ಸೋಲದ ನಾನು ವೈರ್ ಹಿಡಿದುಕೊಂಡು ಸುಮ್ಮನೆ ನಿಂತಿದ್ದೆ, ಹೊರಗೆ ಅವನ ಕಾರು ಹೊರಟುಹೋಗುವವರೆಗೂ.