ಅಜ್ಜಿಯ ಕಾಲಿನ ಗಂಟು

ಕೇಸ್ ಶೀಟಿನಿಂದ ತಲೆಯೆತ್ತಿದ ನರ್ಸ್ ಸ್ವರ್ಣಲತಾಳ ಪೆನ್ನು ಅಲ್ಲೇ ನಿಂತಿತು.

ಎದುರಿಗೆ ನಾಗೇಂದ್ರ! ಎರಡು ವರ್ಷದ ಹಿಂದೆ ಗುಂಡ್ಲುಪೇಟೆಯ ಅವಳ ಮನೆಗೆ ಹೆಣ್ಣು ನೋಡಲು ಬಂದು, ನಗುನಗುತ್ತಾ ಕಾಫಿ ಕುಡಿದು ಹೋದವನು... ಮತ್ತೆ ಸುದ್ದಿಯೇ ಇರಲಿಲ್ಲ.

"ಚೆನ್ನಾಗಿದೀರಾ?" ಎಂದ ಮೆಲ್ಲಗೆ.

"ಪೇಷೆಂಟಿಗೆ ನೀವೇನಾಗ್ಬೇಕು?"

"ಮೊಮ್ಮಗ. ನಮ್ಮೂರು ಕುದೇರಿಂದ ಕರ್ಕೊಂಡ್ ಬಂದೆ."

"ನಾಳೆ ಆಪರೇಷನ್. ರಾತ್ರಿ ಊಟ ಆದ್ಮೇಲೆ ಏನೂ ಕೊಡ್ಬೇಡಿ. ಬೆಳಿಗ್ಗೆ ಕಾಫಿನೂ ಇಲ್ಲ. ಈಗ ಹೊರಗಿರಿ."

ಮಂಚದ ಮೇಲೆ ಅವನ ಅಜ್ಜಿ ಚಿಕ್ಕಮಾದಮ್ಮ. ಅಂಗಾಲಿನ ಪಕ್ಕ ನಿಂಬೆಗಾತ್ರದ ಮೆತ್ತನೆಯ ಗಂಟು. ಸ್ವರ್ಣಲತಾ ಬೇಸಿನ್ನಿನಲ್ಲಿ ಬೆಚ್ಚಗಿನ ನೀರು ತಂದು ಕೂತಳು. ಅಜ್ಜಿ ಕಾಲೆಳೆದುಕೊಂಡರು.

"ಮುಟ್ಬ್ಯಾಡ ಕಣಮ್ಮಿ, ಗದ್ದೆ ತುಳ್ದಿರೋ ಕಾಲು."

"ಬೆರಳ ಸಂದಿಲಿ ಮಣ್ಣು ಉಳಿದ್ರೆ ಸೆಪ್ಟಿಕ್ ಆಗುತ್ತೆ ಅಜ್ಜಿ. ಕೊಡಿ."

"ಕಾಲ್ನೇ ಕುಯ್ದಾಕ್ಬುಟ್ಟಾರಾ?"

"ಇಲ್ಲ. ಕೊಬ್ಬಿನ ಗಂಟು, ಅದನ್ನಷ್ಟೇ ತೆಗೀತಾರೆ."

ಒಂದೊಂದೇ ಬೆರಳು ಬಿಡಿಸಿ ಸೋಪು ಹಚ್ಚಿದಳು. ಉಗುರು ಕತ್ತರಿಸಿದಳು. ಒಡೆದ ಹಿಮ್ಮಡಿಯನ್ನು ನೋಯದಂತೆ ಉಜ್ಜಿದಳು.

ಅಜ್ಜಿಯ ಕಣ್ಣು ತುಂಬಿತು.

"ಪೋಟೋದಲ್ಲಿ ನೋಡಿದ್ದೆ, ನಿನ್ನ ಗುರ್ತು ಸಿಕ್ತು ಕಣವ್ವ. ಅವತ್ತು ಬ್ಯಾಡ ಅಂದೋಳು ನಾನೆಯಾ. ಕಂಡೋರ ಕಾಲು ತೊಳ್ಯೋ ಎಣ್ಣು ನಮ್ಮನೆಗ್ಯಾಕೆ ಅಂದ್ಬುಟ್ಟೆ... ಆಮ್ಯಾಕೆ ಅವ್ನು ಯಾವ್ ಎಣ್ಣೂ ನೋಡಕೆ ಓಗ್ನಿಲ್ಲ."

ಎರಡು ವರ್ಷ! ತನ್ನ ಬಣ್ಣವೋ, ಮಾತೋ ಹಿಡಿಸಲಿಲ್ಲವೇನೋ ಎಂದು ಕೊರಗಿದ್ದಳು. ಸಿಟ್ಟು ಬರಬೇಕಿತ್ತು. ಬಂತು ಕೂಡ. ಆದರೆ ಕೈಯಲ್ಲಿದ್ದ ಪಾದ ಭಯಕ್ಕೆ ನಡುಗುತ್ತಿತ್ತು.

ಟವೆಲಿನಿಂದ ಮೆತ್ತಗೆ ಒರೆಸಿ, "ಇನ್ನೊಂದು ಕಾಲು ಕೊಡಿ ಅಜ್ಜಿ" ಎಂದಳು.

"ಗಂಟಿರೋದು ಒಂದ್ರಲ್ಲೇ ಅಲ್ವಾ?"

"ಇರ್ಲಿ, ಕೊಡಿ."

ಮಾರನೆಯ ದಿನ ಬೆಳಿಗ್ಗೆ ಆಪರೇಷನ್ ಸುಸೂತ್ರವಾಗಿ ಮುಗಿಯಿತು. ಕಾರಿಡಾರಿನಲ್ಲಿ ನಾಗೇಂದ್ರ ಗೋಡೆಗೊರಗಿ ನಿಂತಿದ್ದ.

"ಅಜ್ಜಿ ಆರಾಮಾಗಿದಾರೆ" ಎಂದಳು. ಹೊರಟವಳು ತಿರುಗಿ ನಿಂತಳು. "ಅವರು ಬೇಡ ಅಂದ್ರು, ಸರಿ. ನೀವ್ಯಾಕೆ ಒಂದು ಮಾತೂ ಹೇಳ್ಲಿಲ್ಲ?"

ಅವನು ತಲೆ ತಗ್ಗಿಸಿದ. "ಧೈರ್ಯ ಸಾಲ್ನಿಲ್ಲ. ಆಮೇಲೆ ಅಜ್ಜಿನ ಒಪ್ಸಿ ಬರನ ಅನ್ನೋಷ್ಟ್ರಲ್ಲಿ, ನಿಮ್ಮನೇಲಿ ಮದ್ವೆ ಅಂತ ಗೊತ್ತಾಯ್ತು."

"ಅದು ನನ್ನ ತಂಗಿ ಮದ್ವೆ!"

ಅವನು ಅವಳನ್ನೇ ನೋಡಿದ. ಗೋಡೆ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದ.

"ನೀವೇ ಬೇಕು ಅಂತಿದ್ದೆ ಲತಾ. ಈಗ್ಲೂ ಅಷ್ಟೇ. ಭಾನುವಾರ ನಿಮ್ಮನೆಗೆ ಬರ್ಲಾ? ಈ ಸಲ ನಾನೇ ಕೇಳ್ತೀನಿ."

"ಭಾನುವಾರ ನಂಗೆ ಡ್ಯೂಟಿ."

ಅವನ ಮುಖ ಬಾಡಿತು. ಅವಳಿಗೆ ನಗು ತಡೆಯಲಾಗಲಿಲ್ಲ.

"ಸೋಮವಾರ ಬನ್ನಿ."

"ಸೋಮವಾರ ಬದನಗುಪ್ಪೆ ಫ್ಯಾಕ್ಟ್ರೀಲಿ ಶಿಫ್ಟು..."

"ರಜಾ ಹಾಕಿ."

"ಹಾಕ್ತೀನಿ ಕಣ್ರಿ" ಎಂದ ನಾಗೇಂದ್ರ, ಒಂದು ಕ್ಷಣವೂ ಯೋಚಿಸದೆ.